ಸೀಗೆದೊಡ್ಡಿಯಲ್ಲಿ ನಡೆಯದ ಗ್ರಾಮಸಭೆ

ಸೀಗೆದೊಡ್ಡಿ, ಆತಗೂರು ಹೋಬಳಿ
ಮದ್ದೂರು ತಾಲ್ಲೂಕು
8 ಜೂನ್ 2025

ಚಿ. ಸೌ. ನಾಗಶ್ರೀಗೆ ಅಪ್ಪನ ಆಶೀರ್ವಾದಗಳು.

ಈ ವರ್ಷ ಮಾರ್ಚ್ 31ರ ಸೋಮವಾರ ನಮ್ಮೂರಿನ ಗುಂಡುತೋಪನ್ನು ಕದ್ದರು. ನಡೆಯದ ಗ್ರಾಮಸಭೆಯೊಂದರ ನಡವಳಿ ಬರೆದು, ಅದಕ್ಕೆ ಊರಿನವರದೇ ಸಹಿಗಳನ್ನು ಲಗತ್ತಿಸಿ, ಯಾವುದೋ ಟ್ರಸ್ಟಿನವರಿಗೆ ಮೂವತ್ತು ವರ್ಷದ ಗುತ್ತಿಗೆಗೆ ಕೊಟ್ಟರು. ಮೊದಲ ಸಾಲಿನಲ್ಲೇ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ಫೋನಿನಲ್ಲಿ ಹೇಳಲು ಹೊರಟಾಗಲೆಲ್ಲ ನೀನು "ಅಪ್ಪ, ಮೀಟಿಂಗಿನಲ್ಲಿದ್ದೀನಿ" ಅನ್ನುತ್ತೀಯ. ಕಾಗದವಾದರೆ ಮೀಟಿಂಗ್ ಮುಗಿಯುವವರೆಗೆ ಕಾಯುತ್ತದೆ.

ಹೋದ ತಿಂಗಳು ಜೆಸಿಬಿ ಬಂದು ರಸ್ತೆ ಬದಿಯ ಹುಣಸೆಮರಗಳನ್ನು ಉರುಳಿಸಿತು. ಉಳಿದ ಮರಗಳಿಗೆ ಕೆಂಪು ಗೀಟು ಎಳೆದಿದ್ದಾರೆ. ಕಲ್ಯಾಣ ಮಂಟಪ ಬರುತ್ತದಂತೆ. ನಮ್ಮ ಮಜೀದ್ ಮರದಡಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಶೆಡ್ಡನ್ನು ಕಿತ್ತು ರಸ್ತೆಗೆ ಹಾಕಿದರು. ನಾನು ಹೋಗಿ ಅಡ್ಡ ನಿಂತೆ. ವಾರ್ಡಿನ ಸದಸ್ಯ ಶಶಿಧರ್ ಮೊಬೈಲ್ ತೆಗೆದು ಒಂದು ಫೋಟೊ ಮುಂದೆ ಹಿಡಿದ.

"ನೋಡ್ಕಳಿ ಕೆಂಪಣ್ಣ, ಇದ್ಯಾರ್ ಸೈನು? ಮೊದ್ಲ್ನೇದೇ ನಿಮ್ದು. ಸಭೆಲಿ ಒಪ್ಕಂಡ್ಬುಟ್ಟು ಈಗ ಜೆಸಿಬಿಗ್ ಅಡ್ಡ ನಿಂತೀರಲ್ಲ, ಚೆಂದ್ವಾ?"

ಸಹಿ ನನ್ನದೇ. ಅದರ ಕೆಳಗೆ ಮಜೀದನದು. ಹಾಕಿದ್ದು ಹೇಗೆಂದು ಕೇಳು. ಈ ಸಲ ಯುಗಾದಿ ಭಾನುವಾರ ಬಂತು. ಮಾರನೆಯ ದಿನದ ಹೊಸತೊಡಕಿಗೆ ಮಾಂಸ ತಿನ್ನಬೇಕು, ಆದರೆ ಸೋಮವಾರ ನಮ್ಮೂರಲ್ಲಿ ಯಾರೂ ಮುಟ್ಟುವುದಿಲ್ಲ. ಹಾಗಾಗಿ ಗುಡ್ಡೆ ಬಾಡನ್ನು ಮಂಗಳವಾರ, ಏಪ್ರಿಲ್ ಒಂದಕ್ಕೆ ಇಟ್ಟುಕೊಂಡೆವು. ತೋಪಿನಲ್ಲಿ ಕುರಿ ಕೊಯ್ದು, ಎಲೆ ಹಾಸಿ, ಮನೆಗೊಂದು ಗುಡ್ಡೆ ಹಾಕಿದರು. ಹೋದ ವರ್ಷ ಯಾರೋ ಎರಡು ಗುಡ್ಡೆ ಎತ್ತಿಕೊಂಡು, ಬೋರಯ್ಯನ ಪಾಲಿಗೆ ಬರೀ ಎಲೆ ಉಳಿದು, ದೀಪಾವಳಿವರೆಗೂ ಜಗಳ ನಡೆದಿತ್ತಲ್ಲ. ಅದಕ್ಕೆ ಶಶಿಧರ್ ಈ ಸಲ ಪ್ಯಾಡಿಗೆ ಹಾಳೆ ಸಿಕ್ಕಿಸಿಕೊಂಡು ಬಂದಿದ್ದ. "ಸೈನ್ ಹಾಕ್ಬುಟ್ಟು ಗುಡ್ಡೆ ಎತ್ಕಳಿ, ಆಮ್ಯಾಲ್ ತಕರಾರ್ ಬ್ಯಾಡ" ಅಂದ. ಎಲ್ಲರಿಗೂ ನ್ಯಾಯವೆನಿಸಿತು. ಹಾಳೆಯ ಮೇಲ್ಭಾಗ ಮಡಿಸಿ ಕ್ಲಿಪ್ಪಿನೊಳಗೆ ಸೇರಿತ್ತು. ಬಿಚ್ಚಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮಾಂಸದ ಪಾಲಿಗೆ ಯಾರು ತಾನೆ ಮೇಲ್ಬರಹ ಓದುತ್ತಾರೆ?

ಆ ಸಹಿಗಳೇ ಈಗ ಹಿಂದಿನ ದಿನದ ಗ್ರಾಮಸಭೆಯ ಹಾಜರಾತಿ. ಆರ್ಥಿಕ ವರ್ಷ ಮುಗಿಯುವುದರೊಳಗೆ ಠರಾವು ಬೇಕಾಗಿತ್ತು; ಮಾರ್ಚ್ 31 ಎಂದು ಬರೆದುಕೊಂಡರು. ಅವತ್ತು ರಂಜಾನ್, ಸರ್ಕಾರಿ ರಜೆ. ಮಜೀದ್ ಬೆಳಿಗ್ಗೆ ಮದ್ದೂರಿನ ಈದ್ಗಾದಲ್ಲಿ ನಮಾಜಿಗೆ ನಿಂತಿದ್ದ. ನಡವಳಿಯ ಪ್ರಕಾರ ಅದೇ ಹೊತ್ತಿನಲ್ಲಿ ಶಾಲೆಯ ಆವರಣದಲ್ಲಿ ಕುಳಿತು, ತನ್ನ ಶೆಡ್ಡನ್ನು ತಾನೇ ಕೀಳಿಸಲು ಸರ್ವಾನುಮತದಿಂದ ಒಪ್ಪುತ್ತಿದ್ದ.

1984ರಲ್ಲಿ ಇದೇ ತೋಪನ್ನು ಟೆಂಟ್ ಸಿನಿಮಾದವನಿಗೆ ಕೊಡುವ ಮಾತು ಬಂದಿತ್ತು. ಚೇರ್ಮನ್ನರು ತಮಟೆ ಹೊಡೆಸಿದರು, ಊರು ಸೇರಿತು. ನಿನ್ನ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಎದ್ದು, "ರಾತ್ರಿಯೆಲ್ಲ ಡಿಸುಂ ಡಿಸುಂ ಅಂದ್ರೆ ಎಮ್ಮೆ ಹಾಲ್ ಕೊಡ್ತಾವಾ?" ಎಂದು ಕೇಳಿದಳು. ಚೇರ್ಮನ್ನರು ನಕ್ಕು ಪ್ರಸ್ತಾಪವನ್ನೇ ಕೈಬಿಟ್ಟರು. ಸಭೆ ಅಂದರೆ ಅದು.

ನೀನು ಮಳವಳ್ಳಿ ತಾಲ್ಲೂಕಿನಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಮಾಹಿತಿ ಹಕ್ಕಿನ ಅರ್ಜಿಗಳಿಗೆ ಉತ್ತರ ಬರೆಯುವುದೇ ನಿನ್ನ ಕೆಲಸ. ತಪ್ಪಿಸಿಕೊಳ್ಳಲು ಆಗದಂತೆ ಅರ್ಜಿ ಬರೆಯುವುದು ಹೇಗೆಂದು ತಿಳಿಸು. ಕರಡು ಜೊತೆಗಿಟ್ಟಿದ್ದೇನೆ.

ನಿನ್ನ ಅಮ್ಮ ಈ ಕಾಗದ ಬರೆಯುವುದನ್ನು ನೋಡಿ, "ಊರ್ಗೆಲ್ಲ ಓದ್ಬುಟ್ಟು ಸೈನ್ ಹಾಕ್ರಿ ಅಂತ ಹೇಳೋನು, ಮೂಳೆ ಕಂಡ್ ಕೂಡ್ಲೆ ಕನ್ನಡಕಾನೇ ಮರ್ತ" ಎಂದು ಸೇರಿಸಲು ಹೇಳಿದಳು. ಸೇರಿಸಿದ್ದೇನೆ.

ಇತಿ, ನಿನ್ನ ಅಪ್ಪ
ಕೆಂಪರಾಜು
ರೇಷ್ಮೆ ಇಲಾಖೆ (ನಿವೃತ್ತ)


ಮಳವಳ್ಳಿ
17 ಜೂನ್ 2025

ಪ್ರೀತಿಯ ಅಪ್ಪನಿಗೆ,

ಕರಡು ಓದಿದೆ. ಭಾಷಣ ಚೆನ್ನಾಗಿದೆ. ಅರ್ಜಿಯಾಗಿ ಉಪಯೋಗವಿಲ್ಲ.

ನಿಮ್ಮ ಪ್ರಶ್ನೆಗಳಲ್ಲಿ ಹೆಚ್ಚಿನವು "ಏಕೆ" ಎಂದು ಶುರುವಾಗುತ್ತವೆ. ಏಕೆ ಎಂದರೆ ನಾವು "ಸದರಿ ಪ್ರಶ್ನೆಯು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ" ಎಂದು ಬರೆದು ಊಟಕ್ಕೆ ಏಳುತ್ತೇವೆ. ದಾಖಲೆ ಕೇಳಿ. ಸಭೆಯ ತಿಳಿವಳಿಕೆ ಪತ್ರದ ಪ್ರತಿ, ತಮಟೆ ಹೊಡೆಸಿದ್ದಕ್ಕೆ ಕೊಟ್ಟ ರಸೀದಿ, ನಡವಳಿ, ಹಾಜರಾತಿ, ವಿಡಿಯೊ ಚಿತ್ರೀಕರಣ. ಎಲ್ಲವೂ ದೃಢೀಕೃತ ಪ್ರತಿಗಳು. ಇರಲಾರದ ದಾಖಲೆಯನ್ನೂ ಕೇಳಿ. ಇಲ್ಲವೆಂದು ಅವರ ಕೈಯಿಂದಲೇ ಬರೆಸಿಕೊಂಡರೆ ಅದೂ ಒಂದು ದಾಖಲೆ. ಯಾರನ್ನೂ ಕಳ್ಳರು ಅನ್ನಬೇಡಿ. ಟೆಂಟ್ ಸಿನಿಮಾ ಬೇಡ. ಅಜ್ಜಿಯೂ ಬೇಡ.

ನನ್ನ ಹೆಸರು ಎಲ್ಲಿಯೂ ಬರಬಾರದು. ದಯವಿಟ್ಟು.

ನಮ್ಮ ಪಂಚಾಯಿತಿಗೂ ಮರಿಯಯ್ಯ ಅಂತ ಒಬ್ಬರು ಬರುತ್ತಾರೆ. ಚರಂಡಿ ಕಾಮಗಾರಿಯ ಅಳತೆ ಪುಸ್ತಕ ಬೇಕಂತೆ. ಅವರ ಚಪ್ಪಲಿ ಸದ್ದಾದರೆ ನಾನು ಹಿಂದಿನ ಬಾಗಿಲಿಂದ ಫೀಲ್ಡಿಗೆ ಹೊರಡುತ್ತಿದ್ದೆ. ನಿಮ್ಮ ಕಾಗದ ಬಂದ ದಿನ ಹೊರಡಲಿಲ್ಲ. ಕೂರಿಸಿ ಕಾಫಿ ಕೊಡಿಸಿದೆ. ಅವರಿಗೆ ನನ್ನ ಮೇಲೆ ಇನ್ನೂ ಹೆಚ್ಚು ಅನುಮಾನ ಬಂತು.

ಅಮ್ಮನಿಗೆ ಮಂಡಿನೋವಿನ ಎಣ್ಣೆ ಕಳಿಸುತ್ತೇನೆ.

ನಾಗಶ್ರೀ


ಸೀಗೆದೊಡ್ಡಿ
27 ಜುಲೈ 2025

ಚಿ. ನಾಗಶ್ರೀ,

ನೀನು ಹೇಳಿದಂತೆಯೇ ಬರೆದು ಕೊಟ್ಟೆ. ಅಜ್ಜಿಯನ್ನು ಬಿಟ್ಟೆ. ಇಲ್ಲಿನ ಪಿಡಿಒ ಅರ್ಜಿಯನ್ನು ಎರಡು ಸಲ ಓದಿ, "ಇದನ್ನ ಯಾರ್ ಬರ್ಕೊಟ್ರು?" ಎಂದು ಕೇಳಿದರು. ನಾನೇ ಎಂದೆ. ಗಡುವಿನ ಕೊನೆಯ ದಿನ ಉತ್ತರ ಬಂತು: ಕಡತವು ಲೆಕ್ಕಪರಿಶೋಧನೆಗೆ ಹೋಗಿದೆ, ಬಂದ ಕೂಡಲೇ ಪರಿಶೀಲಿಸಲಾಗುವುದು. ನಾನೂ ಸರ್ಕಾರಿ ನೌಕರನಾಗಿದ್ದವನು. ಗೂಡು ಕಟ್ಟದ ಹುಳುವಿಗೆ ನಾವೂ ಕಾರಣ ಬರೆದಿದ್ದೇವೆ. ಆದರೆ ಹುಳುವೇ ಆಡಿಟ್ಟಿಗೆ ಹೋಗಿದೆಯೆಂದು ಬರೆದಿರಲಿಲ್ಲ.

ನನಗೆ ಹೆಚ್ಚು ಬೇಸರ ತಂದದ್ದು ಬೇರೆ. ಮಂಗಳವಾರದ ಸಂಗತಿಯನ್ನು ಎಲ್ಲರೂ ಸೇರಿ ಬರೆದುಕೊಟ್ಟರೆ ಒಂದೇ ದಿನದ ಕೆಲಸವೆಂದು ಟೀ ಅಂಗಡಿಯಲ್ಲಿ ಹೇಳಿದೆ. ಬೋರಯ್ಯ ಲೋಟ ಕೆಳಗಿಟ್ಟ.

"ಏನಂತ ಬರ್ಕೊಡದು ಕೆಂಪಣ್ಣ? ಬೋಟಿ ಆಸೆಗೆ ತೋಪ್ ಬರ್ಕೊಟ್ವು ಅಂತ್ಲಾ? ಆತಗೂರ್ ಕಡಿಯೋರ್ಗ್ ಗೊತ್ತಾದ್ರೆ ನಮ್ಮೂರ್ ಗಂಡುಗಳ್ಗೆ ಎಣ್ಣು ಕೊಡಾಕಿಲ್ಲ."

"ಎಣ್ಣ್ ಇರ್ಲಿ, ಬೀಗರೂಟಕ್ಕೂ ಕರ್ಯಾಕಿಲ್ಲ ಕಣ್ಲಾ. ಇವ್ರ್ಗೆ ಬಡ್ಸೋಕ್ ಮುಂಚೆ ಸೈನ್ ತಕಳಿ ಅಂತಾರೆ" ಎಂದ ಮೂಲೆಯಲ್ಲಿದ್ದ ಶಿವರಾಜು. ಎಲ್ಲರೂ ನಕ್ಕರು. ನಕ್ಕವರು ಟೀ ದುಡ್ಡು ಕೊಟ್ಟು ಒಬ್ಬೊಬ್ಬರಾಗಿ ಎದ್ದು ಹೋದರು.

ಮಜೀದ್ ಕೂಡ ಹಿಂಜರಿದ. ಅವನು ಈಗ ಮನೆಯ ಜಗಲಿಯ ಮೇಲೆ ಮೋಟರು ಬಿಚ್ಚುತ್ತಾನೆ. ಅವನ ತಾಯಿ ಬಿಬಿ ಜಾನ್‌ಗೆ ಗ್ರೀಸಿನ ವಾಸನೆ ಆಗುವುದಿಲ್ಲ; ಹಗಲೆಲ್ಲ ನಮ್ಮ ಮನೆಯಲ್ಲೇ ಇರುತ್ತಾರೆ. "ನಾನ್ ಒಬ್ನೇ ಮುಂದೆ ಬಂದ್ರೆ ಇದು ಬೇರೆ ಮಾತಾಯ್ತದೆ ಅಣ್ಣ. ಎಲ್ರೂ ಬಂದ್ರೆ ನಾನೂ ಬತ್ತೀನಿ" ಎಂದ.

ಮದ್ದೂರಿನ ತಾಲ್ಲೂಕು ಪಂಚಾಯಿತಿಗೆ ಮೇಲ್ಮನವಿ ಹಾಕಿದ್ದೇನೆ. ಅದು ಇತ್ಯರ್ಥವಾಗುವವರೆಗೆ ಮರ ಕಡಿಯಬಾರದೆಂದೂ ಮನವಿ ಕೊಟ್ಟೆ. ಸದ್ಯ ಜೆಸಿಬಿ ಸುಮ್ಮನಿದೆ.

ಇತಿ,
ಅಪ್ಪ


ಮಳವಳ್ಳಿ
5 ಆಗಸ್ಟ್ 2025

ಅಪ್ಪ,

ನನಗೆ ವರ್ಗಾವಣೆ ಆಗಿದೆ. ಸೀಗೆದೊಡ್ಡಿ ಪಂಚಾಯಿತಿಗೆ.

ಸ್ವಂತ ಊರಿಗೆ ಹಾಕುವ ಹಾಗಿಲ್ಲ. ಆದರೆ ನನ್ನ ಸೇವಾ ಪುಸ್ತಕದಲ್ಲಿ ಗಂಡನ ಮನೆಯ ವಿಳಾಸವಿದೆ. ನಾನು ಕೇಳಿರಲಿಲ್ಲ. ಆದೇಶ ಬರುವ ಮೊದಲೇ ಶಶಿಧರ್ ಫೋನ್ ಮಾಡಿ, "ಬನ್ನಿ ಅಕ್ಕ, ತವರೂರ್ಗೆ ಬತ್ತಾ ಇದೀರ. ಅಪ್ಪನೂ ಇನ್ಮ್ಯಾಲ್ ಮನೇಲ್ ಕೂತೇ ಕೇಳ್ಬೋದು, ಅರ್ಜಿ ಗಿರ್ಜಿ ಯಾಕೆ?" ಅಂದರು. ಇದು ಯಾರ ಕೆಲಸವೆಂದು ಆಗ ಅರ್ಥವಾಯಿತು.

ನಿಮ್ಮ ಅರ್ಜಿ ಈಗ ನನ್ನ ಮೇಜಿನ ಮೇಲಿರುತ್ತದೆ. ಈ ವಿಷಯಕ್ಕೆ ಮನೆಗೆ ಕಾಗದ ಬರೆಯಬೇಡಿ, ಮಾತೂ ಬೇಡ. ಮುಗಿಯುವ ತನಕ ನಾನು ತವರುಮನೆಗೂ ಬರುವುದಿಲ್ಲ. ಅಮ್ಮನಿಗೆ ಏನು ಹೇಳಬೇಕೆಂದು ನನಗೆ ತಿಳಿಯುತ್ತಿಲ್ಲ. ನೀವೇ ಹೇಳಿ.

ನಾಗಶ್ರೀ


ಗ್ರಾಮ ಪಂಚಾಯಿತಿ ಕಾರ್ಯಾಲಯ, ಸೀಗೆದೊಡ್ಡಿ
28 ಆಗಸ್ಟ್ 2025

ಶ್ರೀ ಕೆಂಪರಾಜು ಅವರಿಗೆ,
ಸೀಗೆದೊಡ್ಡಿ ಗ್ರಾಮ.

ಮಾನ್ಯರೆ,

ವಿಷಯ: ಮಾಹಿತಿ ಹಕ್ಕು ಅಧಿನಿಯಮದಡಿ ಕೋರಿರುವ ದಾಖಲೆಗಳ ಬಗ್ಗೆ.

ತಾವು ಕೋರಿರುವ ದಿನಾಂಕ 31-3-2025ರ ಗ್ರಾಮಸಭೆಯ ಕಡತವು ಈ ಕಾರ್ಯಾಲಯದಲ್ಲಿ ಲಭ್ಯವಿರುವುದಿಲ್ಲ ಎಂದು ಈ ಮೂಲಕ ತಿಳಿಯಪಡಿಸಿದೆ.

ತಮ್ಮ ವಿಶ್ವಾಸಿ,
ಎನ್. ನಾಗಶ್ರೀ
ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹಾಗೂ ಸಾರ್ವಜನಿಕ ಮಾಹಿತಿ ಅಧಿಕಾರಿ


ಸೀಗೆದೊಡ್ಡಿ
14 ಸೆಪ್ಟೆಂಬರ್ 2025

ನಾಗಶ್ರೀಗೆ,

ಮನೆಗೆ ಬರೆಯಬೇಡವೆಂದು ನೀನು ಹೇಳಿದ್ದೆ. ಕಚೇರಿಗೆ ಬರೆದರೆ ಆವಕ ಸಂಖ್ಯೆ ಬಿದ್ದು ದಾಖಲೆಯಾಗುತ್ತದೆ. ಆದ್ದರಿಂದ ಇದೊಂದನ್ನು ಮನೆಗೆ ಬರೆಯುತ್ತಿದ್ದೇನೆ. ಉತ್ತರ ಬೇಡ.

ನಿನ್ನ ಪತ್ರ ತಲುಪಿತು. ಅಕ್ಷರ ದೋಷವಿಲ್ಲ. ನಿನಗೆ ಕಾಗುಣಿತ ಹೇಳಿಕೊಟ್ಟ ದಿನಗಳಲ್ಲೂ ನೀನು ತಪ್ಪಿಲ್ಲದೆ ಬರೆಯುತ್ತಿದ್ದೆ.

ದಿನಾ ಬೆಳಿಗ್ಗೆ ಬಸ್ಸಿಳಿದು ನಮ್ಮ ಬೀದಿಯ ತುದಿಯಲ್ಲೇ ಪಂಚಾಯಿತಿಗೆ ಹೋಗುತ್ತೀಯ. ನಿನ್ನ ಅಮ್ಮ ಬಾಗಿಲಿಗೆ ನೀರು ಹಾಕುವುದನ್ನು ಆ ಹೊತ್ತಿಗೆ ಬದಲಿಸಿಕೊಂಡಿದ್ದಾಳೆ. ಮೊನ್ನೆ ಮುದ್ದೆ, ಅವರೆಕಾಳು ಸಾರು ಕಟ್ಟಿಕೊಂಡು ನಿನ್ನ ಆಫೀಸಿಗೆ ಬಂದಳಲ್ಲ, ನಾನು ಬೇಡವೆಂದೆ. ಶಶಿಧರ್ ನೋಡಿದರೆ ಸುದ್ದಿ ಮಾಡುತ್ತಾನೆ ಎಂದೆ. "ನೋಡ್ಲಿ. ಅವ್ಳು ನಿಂಗೆ ಆಪೀಸ್ರು. ನಂಗೇನ್ ಅರ್ಜಿ ಅದಾ? ಮುದ್ದೆಗ್ ಯಾವ್ ಕಾಯ್ದೆ ಅಡ್ಡ ಬತ್ತದೆ ಏಳು" ಎಂದು ಹೊರಟೇ ಹೋದಳು. ಡಬ್ಬಿ ತೊಳೆದು ವಾಪಸು ಕಳಿಸಿದ್ದೀಯ. ಒಳಗೆ ಏನೂ ಉಳಿದಿರಲಿಲ್ಲವೆಂದು ಅವಳಿಗೆ ಸಮಾಧಾನ.

ಮೇಲ್ಮನವಿಯ ವಿಚಾರಣೆ ಅಕ್ಟೋಬರ್ ಕೊನೆಗೆ. ನೀನು ಬರಬೇಕಾಗುತ್ತದೆ. ನಾನು ಎದುರು ಬೆಂಚಿನಲ್ಲಿರುತ್ತೇನೆ. ಅಲ್ಲಿ ನಾನು ಕೇಳುವುದನ್ನು ಕಡಿಮೆ ಮಾಡಲಾರೆ. ನೀನು ಹೇಳುವುದನ್ನು ಕಡಿಮೆ ಮಾಡಬಾರದೆಂದು ಮಾತ್ರ ಹೇಳುತ್ತೇನೆ.

ಅಪ್ಪ


ಮಳವಳ್ಳಿ
2 ಅಕ್ಟೋಬರ್ 2025

ಅಪ್ಪ,

ಉತ್ತರ ಬೇಡವೆಂದಿರಿ. ಇವತ್ತು ರಜೆ. ಮಗಳಾಗಿ ಬರೆಯಲು ಇನ್ನೊಂದು ದಿನ ಸಿಗುವುದಿಲ್ಲ.

ಕಡತ ಲಭ್ಯವಿಲ್ಲ ಎಂದು ಬರೆದದ್ದು ಸುಳ್ಳಲ್ಲ. ಪ್ರಭಾರ ವಹಿಸಿಕೊಂಡಾಗ ಗ್ರಾಮಸಭೆಯ ಪುಸ್ತಕವನ್ನು ನನಗೆ ಕೊಟ್ಟಿರಲಿಲ್ಲ. ಬೀರು ಪೂರ್ತಿ ನೋಡಿದೆ. ಆದರೆ "ನನಗೆ ಹಸ್ತಾಂತರಿಸಿಲ್ಲ, ಎಲ್ಲಿದೆಯೆಂದು ಕೇಳಿದ್ದೇನೆ" ಎಂದೂ ಬರೆಯಬಹುದಿತ್ತು. ಬರೆದೆ, ಅಳಿಸಿದೆ. ಅಳಿಸುವಾಗ ಸಾಲ, ಮಗುವಿನ ಸ್ಕೂಲು, ರಾಯಚೂರಿನ ಕಡೆ ಖಾಲಿ ಇರುವ ಹುದ್ದೆಗಳು ಎಲ್ಲ ತಲೆಯಲ್ಲಿದ್ದವು. ನೀವು ಅಕ್ಷರ ದೋಷವಿಲ್ಲ ಎಂದಿರಲ್ಲ, ಅದನ್ನು ಓದಿದ ದಿನ, ಅಳಿಸಿದ ಸಾಲನ್ನು ಮತ್ತೆ ಬರೆದಿಟ್ಟುಕೊಂಡೆ.

ಹೋದ ವಾರ ಹಿಂದಿನ ಅಧಿಕಾರಿಗೆ ಲಿಖಿತ ನೋಟಿಸು ಕೊಟ್ಟೆ. ಸಾರ್ವಜನಿಕ ದಾಖಲೆ ಕಾಣೆಯಾಗಿದೆ, ಪೊಲೀಸು ಠಾಣೆಗೆ ದೂರು ಕೊಡಬೇಕಾಗುತ್ತದೆ ಎಂದೆ. ಸೋಮವಾರ ಬಂದು ನೋಡಿದರೆ ಪುಸ್ತಕ ನನ್ನ ಮೇಜಿನ ಮೇಲಿತ್ತು. ಯಾರು ಇಟ್ಟರೆಂದು ಯಾರಿಗೂ ಗೊತ್ತಿಲ್ಲ. ಮಧ್ಯಾಹ್ನ ಶಶಿಧರ್ ಬಂದು ಎದುರು ಕೂತರು.

"ಅಕ್ಕ, ಪುಸ್ತ್ಕ ಸಿಕ್ತು ಅನ್ಬೇಡಿ. ಜನ್ವರಿ ಕಳುದ್ರೆ ನಮ್ ಪಂಚಾಯ್ತಿ ಬಾಡಿ ಅವ್ದಿನೇ ಮುಗೀತದೆ. ಅಲ್ಗಂಟ ಇಂಗೇ ತಳ್ಬುಡಿ. ಮಂಟಪ ಆದ್ಮ್ಯಾಲೆ ನಿಮ್ ಮಗೀನ್ ನಾಮಕರಣನೇ ಪಸ್ಟು, ಪ್ರೀ."

"ನನ್ನ ಮಗಳಿಗೆ ಆರು ವರ್ಷ" ಎಂದೆ.

"ಇನ್ನೊಂದ್ ಆಯ್ತದೆ ಬುಡಿ" ಅಂದರು. ನಗು ಬಂದುಬಿಟ್ಟಿತು ಅಪ್ಪ. ಅವರೂ ನಕ್ಕರು. ಕೆಟ್ಟವರು ಕೆಟ್ಟ ಮುಖ ಹೊತ್ತು ಬಂದಿದ್ದರೆ ನನ್ನ ಕೆಲಸ ಸುಲಭವಾಗಿರುತ್ತಿತ್ತು.

ವಿಚಾರಣೆಯ ದಿನ ಬರುತ್ತೇನೆ. ಅಲ್ಲಿ ನಿಮ್ಮನ್ನು "ಅರ್ಜಿದಾರರು" ಅನ್ನುತ್ತೇನೆ. ತಪ್ಪು ತಿಳಿಯಬೇಡಿ.

ನಾಗಶ್ರೀ


ಗ್ರಾಮ ಪಂಚಾಯಿತಿ ಕಾರ್ಯಾಲಯ, ಸೀಗೆದೊಡ್ಡಿ
21 ನವೆಂಬರ್ 2025

ಶ್ರೀ ಕೆಂಪರಾಜು ಅವರಿಗೆ,

ಮಾನ್ಯರೆ,

ಮೇಲ್ಮನವಿ ಪ್ರಾಧಿಕಾರದ ಆದೇಶದಂತೆ, ದಿನಾಂಕ 31-3-2025ರ ಗ್ರಾಮಸಭೆಯ ನಡವಳಿ ಮತ್ತು ಹಾಜರಾತಿಯ ದೃಢೀಕೃತ ಪ್ರತಿಗಳನ್ನು ಉಚಿತವಾಗಿ ಲಗತ್ತಿಸಿದೆ. ಈ ಕಾರ್ಯಾಲಯದ ದಿನಾಂಕ 28-8-2025ರ ಪತ್ರವು ಅಪೂರ್ಣವಾಗಿದ್ದುದಕ್ಕೆ ವಿಷಾದಿಸಿದೆ.

ಸಭೆಯ ತಿಳಿವಳಿಕೆ ಪತ್ರ: ಹೊರಡಿಸಿದ ಬಗ್ಗೆ ದಾಖಲೆ ಇರುವುದಿಲ್ಲ.
ತಮಟೆ ಪ್ರಚಾರದ ರಸೀದಿ: ಇರುವುದಿಲ್ಲ.
ವಿಡಿಯೊ ಚಿತ್ರೀಕರಣ: ಇರುವುದಿಲ್ಲ.
ಶಾಲೆಯ ಆವರಣ ಬಳಸಲು ಅನುಮತಿ: ಕೋರಿರುವುದಿಲ್ಲ. ಸದರಿ ದಿನ ಶಾಲೆಗೆ ರಜೆ ಇದ್ದು, ಗೇಟಿಗೆ ಬೀಗ ಹಾಕಲಾಗಿತ್ತೆಂದು ಮುಖ್ಯ ಶಿಕ್ಷಕಿ ಶ್ರೀಮತಿ ಶಶಿರೇಖಾ ಅವರು ಲಿಖಿತವಾಗಿ ತಿಳಿಸಿದ್ದು, ಅದರ ಪ್ರತಿಯನ್ನೂ ಲಗತ್ತಿಸಿದೆ.

ತಮ್ಮ ವಿಶ್ವಾಸಿ,
ಎನ್. ನಾಗಶ್ರೀ
ಸಾರ್ವಜನಿಕ ಮಾಹಿತಿ ಅಧಿಕಾರಿ


ಸೀಗೆದೊಡ್ಡಿ
12 ಡಿಸೆಂಬರ್ 2025

ಗ್ರಾಮ ಪಂಚಾಯಿತಿಯ ಅಧ್ಯಕ್ಷರಿಗೆ, ವಾರ್ಡಿನ ಸದಸ್ಯ ಶ್ರೀ ಶಶಿಧರ್ ಅವರಿಗೆ,
ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಶ್ರೀಮತಿ ಎನ್. ನಾಗಶ್ರೀ ಅವರಿಗೆ.
(ಪ್ರತಿಗಳು: ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ ಮತ್ತು ಬಸ್ ನಿಲ್ದಾಣದ ಗೋಡೆಗೆ.)

ಮಾನ್ಯರೆ,

ತಾವು ಕಳಿಸಿದ ಪ್ರತಿಗಳನ್ನು ಭಾನುವಾರ ತೋಪಿನಲ್ಲಿ, ನಿಂತಿರುವ ಮರಗಳ ಕೆಳಗೆ, ನಾನು ಗಟ್ಟಿಯಾಗಿ ಓದಿದೆ. ಊರಿನವರು ಆಡಿದರೆಂದು ನಡವಳಿಯಲ್ಲಿ ಬರೆದಿರುವ ಮಾತುಗಳನ್ನು ಊರಿನವರೇ ಮೊದಲ ಸಲ ಕೇಳಿದರು. "ಶ್ರೀ ಬೋರಯ್ಯನವರು ಯೋಜನೆಯಿಂದ ಗ್ರಾಮದ ಸರ್ವತೋಮುಖ ಪ್ರಗತಿಯಾಗಲಿದೆ ಎಂದು ಅಭಿಪ್ರಾಯಪಟ್ಟರು" ಎಂಬ ಸಾಲಿಗೆ ಬಂದಾಗ ಬೋರಯ್ಯ ಎದ್ದು ನಿಂತ.

"ಸರ್ವತೋ... ಏನದು? ನನ್ ಬಾಯಲ್ ಇಂತಾ ಮಾತು ಉಟ್ದಾಗಿಂದ ಬಂದಿಲ್ಲ ಕಣ್ರಲಾ! ಮಾಂಸಕ್ಕೆ ಸೈನ್ ಆಕ್ದೆ, ಊ ಆಕ್ದೆ. ಇಂಗ್ ಮಾತಾಡ್ದೆ ಅಂದ್ರೆ ಮಾತ್ರ ಸುಮ್ಕಿರಾಕಿಲ್ಲ."

ಆತಗೂರಿನವರು ನಗುವುದಿಲ್ಲವೇ ಎಂದು ಶಿವರಾಜು ಕೆಣಕಿದ. "ನಗ್ಲಿ ಬುಡ್ಲಾ. ಅವ್ರೂರಲ್ಲೂ ತೋಪದೆ. ನಾಳೆ ಅಲ್ಲೂ ಕೆಂಪ್ ಗೀಟ್ ಬೀಳ್ತದೆ, ಆಗ ನಮ್ಮತ್ರನೇ ಬತ್ತಾರೆ, ಅರ್ಜಿ ಎಂಗ್ ಬರ್ಯದು ಅಂತ" ಎಂದ ಬೋರಯ್ಯ.

ಅವನು ಕೂತ ಮೇಲೆ ಮಜೀದ್ ಎದ್ದ. ಆಮೇಲೆ ಬಿಬಿ ಜಾನ್, ಆಮೇಲೆ ನನ್ನ ಹೆಂಡತಿ ಮಾಯಮ್ಮ. ಏಪ್ರಿಲ್ ಒಂದರ ಮಂಗಳವಾರ ಇದೇ ಜಾಗದಲ್ಲಿ ಗುಡ್ಡೆ ಬಾಡಿನ ಪಾಲಿಗೆ ನಾವು ಸಹಿ ಹಾಕಿದೆವು, ಮಡಿಸಿದ ಹಾಳೆಯನ್ನು ಬಿಚ್ಚಿ ಓದಲಿಲ್ಲ. ಇದನ್ನು ನಾವೇ ಮೈಕಿನಲ್ಲಿ ಹೇಳುತ್ತೇವೆ. ನಗುವವರು ನಗಲಿ. ನಮ್ಮ ಪಾಲಿನ ಉತ್ತರವನ್ನು ನಾವು ಕೊಟ್ಟಾಯಿತು.

ಅಭಿವೃದ್ಧಿ ಅಧಿಕಾರಿಗಳನ್ನು ರಾಯಚೂರು ಜಿಲ್ಲೆಗೆ ಕಳಿಸುವ ಮಾತು ನಡೆದಿದೆಯೆಂದು ಕೇಳಿದ್ದೇವೆ. ಅವರನ್ನು ಇಲ್ಲಿಗೆ ಕರೆಸಿದ್ದು ಯಾತಕ್ಕೆಂದು ನಮಗೆ ಗೊತ್ತು. ಈಗ ಕಳಿಸುತ್ತಿರುವುದು ಯಾತಕ್ಕೆಂದೂ ಗೊತ್ತು. ಕಳಿಸುವುದಾದರೆ ಗ್ರಾಮಸಭೆಯಾದ ಮಾರನೆಯ ದಿನ ಕಳಿಸಿ. ಅವರ ತಂದೆಯಾಗಿ ನಾನು ಏನನ್ನೂ ಕೇಳುತ್ತಿಲ್ಲ. ಈ ಊರಿನ ನಿವಾಸಿಯಾಗಿ, ಆ ಸಭೆಯಲ್ಲಿ ಅವರು ಹಾಜರಿರಬೇಕೆಂದು ಕೇಳುತ್ತಿದ್ದೇನೆ.

ಕಾಗದದಲ್ಲಿ ಉತ್ತರ ಬೇಡ, ಕಾಗದ ಸಾಕಷ್ಟಾಯಿತು. ನಿಮ್ಮ ಅವಧಿ ಮುಗಿಯುವ ಮೊದಲು, ತಮಟೆ ಹೊಡೆಸಿ, ಹಗಲು ಹೊತ್ತಿನಲ್ಲಿ ಗ್ರಾಮಸಭೆ ಕರೆಯಿರಿ. ಅಧ್ಯಕ್ಷರೇ, ಸದಸ್ಯರೇ, ಬೀಗ ಹಾಕಿದ್ದ ಶಾಲೆಯೊಳಗೆ ಮಾರ್ಚ್ 31ರಂದು ನೀವು ಯಾರ ಜೊತೆ ಕೂತು ನಮ್ಮ ತೋಪನ್ನು ಕೊಟ್ಟಿರಿ? ಎದ್ದು ನಿಂತು, ಹೆಸರು ಹಿಡಿದು, ಊರು ಕೇಳುವಂತೆ ಹೇಳಿ.

ಇತಿ,
ಕೆಂಪರಾಜು
ಮತ್ತು ಸೀಗೆದೊಡ್ಡಿ ಗ್ರಾಮಸ್ಥರು